ಅಲಿಬಾಗಿಗೆ ಹೋದ ಕೌದಿ

ಮುನವಳ್ಳಿಯ ಕೆಂಚವ್ವ ಹೊಟ್ಟೆಕಿಚ್ಚನ್ನು ಬಚ್ಚಿಡುವ ಪೈಕಿಯಲ್ಲ. ಬೇರೆಯವರು ಅದಕ್ಕೆ ಕಾಳಜಿ ಎಂದೋ ಬುದ್ಧಿಮಾತು ಎಂದೋ ಹೆಸರಿಟ್ಟು ಹೊರಗೆ ಬಿಡುತ್ತಾರೆ. ಕೆಂಚವ್ವನಿಗೆ ಅಷ್ಟು ತಾಳ್ಮೆ ಇಲ್ಲ. ಪಕ್ಕದ ಮನೆಗೆ ಫ್ರಿಜ್ ಬಂದ ದಿನ ಹೊಸ್ತಿಲಲ್ಲೇ ನಿಂತು, "ನನಗ ಹೊಟ್ಟಿ ಉರಿಯಾಕತ್ತೈತಿ ನೋಡವಾ, ಮೊದಲ ಒಂದ ಗ್ಲಾಸ ತಣ್ಣೀರ ಕೊಡು," ಎಂದು ಕೇಳಿ ಕುಡಿದು ಬಂದವಳು ಅವಳು. ಅಂಥ ಉರಿ ಒಂದು ಗ್ಲಾಸು ನೀರಿಗೆ ಆರುತ್ತದೆ. ಹೋದ ದೀಪಾವಳಿಯ ನಂತರ ಹತ್ತಿದ ಉರಿ ಮಾತ್ರ ಬೇರೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಇಂಥದನ್ನೆಲ್ಲ ಅವಳು ಹೇಳಿಕೊಳ್ಳುತ್ತಿದ್ದುದು ಉಮಾಶ್ರೀಯ ಮುಂದೆ, ಊರು ಬಿಟ್ಟು ಹೋದವಳೂ ಉಮಾಶ್ರೀಯೇ.

ಉಮಾಶ್ರೀ ಅವಳ ಮೈದುನ ಗೌರೀಶನ ಹೆಂಡತಿ. ಅಂದರೆ ನೆಗೆಣ್ಣಿ. ನೆಗೆಣ್ಣಿಯರು ಕೂಡಿದಲ್ಲಿ ಹೊಗೆಯಾಡಬೇಕು ಎಂಬುದು ಊರಿನ ಲೆಕ್ಕ. ಈ ಮನೆಯಲ್ಲಿ ಹೊಗೆ ಕಾಣದೆ ಊರಿಗೆ ಸ್ವಲ್ಪ ಬೇಜಾರೇ ಆಗಿತ್ತು. ಅದಕ್ಕೆ ಕಾರಣ ಕೌದಿ. ಸಿರಸಂಗಿಯ ತವರಿನಿಂದ ಬರುವಾಗ ಕೆಂಚವ್ವ ತಂದದ್ದರಲ್ಲಿ ಇಂದಿಗೂ ಮಾಸದೆ ಉಳಿದಿರುವುದು ಅವಳ ಕೈಯ ಹೊಲಿಗೆ ಒಂದೇ. ಹಳೆಯ ಸೀರೆ, ಧೋತರ, ಹರಿದ ಕುಪ್ಪಸ, ಎಲ್ಲವನ್ನೂ ಪದರಪದರವಾಗಿ ಹಾಸಿ, ನಾಲ್ಕೂ ಅಂಚಿನಿಂದ ಒಳಮುಖವಾಗಿ ಟಾಕಿಯ, ಅಂದರೆ ಕೈಹೊಲಿಗೆಯ, ಸಾಲು ಹಾಕುತ್ತ ಹೋದರೆ ಕೌದಿಯಾಗುತ್ತದೆ. ಒಬ್ಬಳೇ ಹೊಲಿದರೆ ಬಟ್ಟೆ ಒಂದು ಕಡೆಗೆ ಎಳೆದುಕೊಂಡು ಸೊಟ್ಟಗಾಗುತ್ತದೆ. ಎದುರು ಮೂಲೆಯಲ್ಲಿ ಇನ್ನೊಬ್ಬಳು ಬೇಕು. ಉಮಾಶ್ರೀ ಈ ಮನೆಗೆ ಬಂದ ವರ್ಷದಿಂದ ಆ ಎದುರು ಮೂಲೆ ಅವಳದಾಗಿತ್ತು.

ಮಧ್ಯಾಹ್ನ ಉಂಡು, ಪಾತ್ರೆ ತೊಳೆದು, ಪಡಸಾಲೆಯಲ್ಲಿ ಕೌದಿ ಹಾಸಿ ಇಬ್ಬರೂ ಆಚೆ ಈಚೆ ಕೂರುತ್ತಿದ್ದರು. ಮಾತಾಡುತ್ತ ಆಡುತ್ತ ಟಾಕಿಯ ಸಾಲು ಒಳಗೆ ಸರಿಯುತ್ತಿತ್ತು, ಅವರೂ ಸರಿಯುತ್ತಿದ್ದರು. ನಡುವಿಗೆ ಬರುವ ಹೊತ್ತಿಗೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಅಷ್ಟರಲ್ಲಿ ಅತ್ತೆಯ ಮೇಲಿನ ದೂರು, ಗಂಡಂದಿರ ಮೇಲಿನ ದೂರು, ಓಣಿಯ ಸುದ್ದಿ ಎಲ್ಲ ಮುಗಿದಿರುತ್ತಿತ್ತು.

ಅವರ ಮನೆತನದಲ್ಲಿ ಕೌದಿಗೆ ಎರಡು ಕಟ್ಟಳೆ. ಹೊಲಿಯುವಾಗ ಅಂಚಿನಲ್ಲಿ ಅಂಗೈಯಗಲ ಜಾಗ ಬಿಡಬೇಕು. ಅದು ಕೌದಿಯ ಬಾಯಿ. ಎಲ್ಲ ಮುಗಿದ ಮೇಲೆ ಆ ಬಾಯಿಗೆ ಒಂದು ಚೂರು ರೊಟ್ಟಿ, ಚಿಟಿಕೆ ಬೆಲ್ಲ ಇಟ್ಟು ಹೊಲಿಯಬೇಕು. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ. ಎರಡನೆಯದು, ಯಾವ ಇಬ್ಬರು ಶುರು ಮಾಡಿದರೋ ಅವರೇ ಮುಗಿಸಬೇಕು. ನಡುವೆ ಮೂರನೆಯ ಕೈ ಬೀಳಬಾರದು. ಈ ಎರಡನ್ನೂ ಹೇಳಿಕೊಟ್ಟವಳು ಅತ್ತೆ. ಆಕೆ ತೀರಿಕೊಂಡ ವರ್ಷ ಇಬ್ಬರು ಸೊಸೆಯಂದಿರೂ ಅವಳ ಇಳಕಲ್ ಸೀರೆಗಳನ್ನೇ ಹಾಸಿ ಒಂದು ಕೌದಿ ಶುರು ಮಾಡಿದರು. ಬದುಕಿದ್ದಾಗ ಅವಳ ಮೇಲೆ ಮಾಡಿದ ದೂರುಗಳನ್ನು ಆ ಕೌದಿಯ ಮೇಲೆ ಕೂತು ಒಂದೊಂದಾಗಿ ವಾಪಸು ತೆಗೆದುಕೊಂಡರು.

ಕೌದಿ ಅರ್ಧಕ್ಕೆ ಬಂದಿತ್ತು. ಅಷ್ಟರಲ್ಲಿ ಗೌರೀಶನಿಗೆ ಕರೆ ಬಂತು. ಅವನು ಗೌಂಡಿ. ಸಿಮೆಂಟಿನ ಗೌಂಡಿಗಳು ಊರಿಗೆ ನೂರು ಸಿಗುತ್ತಾರೆ, ಸುಣ್ಣದ ಗಾರೆ ಕಲಸಿ ಹಳೆಯ ಕಲ್ಲು ಕೂರಿಸುವವರು ಕಡಿಮೆ. ತೊರಗಲ್ಲಿನ ಕೋಟೆಯ ಒಂದು ಗೋಡೆಗೆ ಅವನು ಕೈ ಹಾಕಿದ್ದನ್ನು ನೋಡಿದ್ದ ಕೊಲ್ಹಾಪುರದ ಗುತ್ತಿಗೆದಾರನೊಬ್ಬ ಈಗ ಅಲಿಬಾಗಿನಲ್ಲಿ ಕೆಲಸ ಹಿಡಿದಿದ್ದ. ಮುಂಬೈಯಿಂದ ದೋಣಿಯಲ್ಲಿ ದಾಟಿದರೆ ಸಿಗುವ ಹಳೆಯ ಊರು, ಕಡಲೊಳಗೇ ಕೋಟೆ, ವರ್ಷಗಟ್ಟಲೆ ಕೆಲಸ. ಬಾಡಿಗೆ ಮನೆ ಅವರೇ ನೋಡಿಕೊಡುತ್ತಾರೆ, ಹೆಂಡತಿಯನ್ನೂ ಕರೆದುಕೊಂಡು ಬಾ ಎಂದಿದ್ದ.

ಆ ಸಂಜೆ ಉಮಾಶ್ರೀ ಸೂಜಿ ಕೆಳಗಿಟ್ಟು ಹೇಳಿದಳು, "ಅಕ್ಕಾ, ನೀ ಬ್ಯಾಡ ಅಂದ್ರ ನಾ ಹೋಗೂದಿಲ್ಲ. ಅವರೊಬ್ಬರ ಹೋಗಲಿ, ಹಬ್ಬಕ್ಕ ಬರ್ತಾರ."

ಕೆಂಚವ್ವನಿಗೆ "ಬ್ಯಾಡ" ಎಂಬ ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಹಾಗೆ ಹೇಳಿದರೆ ತಾನು ಕೆಳಗೆ ಬಿದ್ದಂತಾಗುತ್ತದೆ ಎನ್ನಿಸಿತು. ಬೇಡಿಕೊಳ್ಳುವುದು ಅವಳ ಜಾಯಮಾನದಲ್ಲಿಲ್ಲ. "ನಾ ಯಾಕ ಬ್ಯಾಡ ಅನ್ಲಿ? ಗಂಡ ಇದ್ದಲ್ಲಿ ಹೇಣ್ತಿ ಇರಬೇಕು. ಹೋಗು. ಸಮುದ್ರ ನೋಡು, ನಮಗೂ ಒಂದಿಷ್ಟ ಹೇಳು," ಎಂದಳು. ಹೇಳಿ ಮುಗಿಸುವ ಮೊದಲೇ ಹಳಹಳಿ ಶುರುವಾಯಿತು. ಆದರೆ ಆಡಿದ ಮಾತು, ಒಡೆದ ಮುತ್ತು.

ದೀಪಾವಳಿ ಮುಗಿದು ಗಂಟು ಕಟ್ಟುವ ದಿನ ಉಮಾಶ್ರೀ ಅರ್ಧ ಕೌದಿಯನ್ನೂ ಮಡಚಿ ಟ್ರಂಕಿನಲ್ಲಿಟ್ಟಳು.

"ಅದನ್ನ ಇಲ್ಲೇ ಬಿಡು," ಎಂದಳು ಕೆಂಚವ್ವ.

"ಇಲ್ಲೇ ಬಿಟ್ರ ನೀ ಸಿಟ್ಟಿಲೆ ಒಬ್ಬಾಕೀನ ಕುಂತು ಮುಗಸ್ತಿ. ನನ್ನ ಹಂತ್ಯಾಕ ಇದ್ರ ಇದರ ಸಲುವಾಗಿ ಆದ್ರೂ ಬರ್ತಿ. ನೀ ಬಂದ ಮ್ಯಾಲೆ ಇಬ್ಬರೂ ಕುಂತು ಮುಗಸೋಣು. ಬಾಯಿ ನೀನ ಹೊಲಿಬೇಕು, ಅಕ್ಕಾ."

ಕೆಂಚವ್ವ ಒಪ್ಪಿದಳು. ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಟ್ಟುಕೊಂಡಳು. ಉಮಾಶ್ರೀ ಎಲ್ಲಿಯೇ ಇರಲಿ, ಕೌದಿಯ ಬಾಯಿ ತೆರೆದಿರುವ ತನಕ ಅವಳು ತನ್ನವಳು. ಅವಳಿಗಿದ್ದ ಧೈರ್ಯ ಇದೊಂದೇ.

ಮೊದಮೊದಲು ಫೋನು ದಿನವೂ ಬರುತ್ತಿತ್ತು. ರಾಮದುರ್ಗಕ್ಕೆ ಕೊಟ್ಟ ಮಗಳು ಪ್ರಣಿತಾ ತಾಯಿಗೆ ವಿಡಿಯೋ ಕರೆ ಮಾಡುವುದನ್ನು, ಸ್ಟೇಟಸ್ಸು ನೋಡುವುದನ್ನು ಕಲಿಸಿ ಹೋಗಿದ್ದಳು. ಕಲಿಸದಿದ್ದರೇ ಒಳ್ಳೆಯದಿತ್ತು. ಫೋನಿನ ತುಂಬ ನೀಲಿ ನೀರು. ನೀರಿನ ನಡುವೆ ಕಪ್ಪು ಕೋಟೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ದಾರಿಯಾಗುತ್ತದಂತೆ, ಗೌರೀಶ ನಡೆದೇ ಕೋಟೆಗೆ ಹೋಗುತ್ತಾನಂತೆ. ಉಬ್ಬರ ಬಂದರೆ ಕೋಟೆಯೊಳಗೇ ಕೂತು ಕಾಯಬೇಕಂತೆ. ನೋಡಲು ಬಂದ ಜನ ಕುದುರೆಗಾಡಿ ಏರಿ ಸಮುದ್ರದೊಳಗೇ ಹೋಗುತ್ತಾರಂತೆ.

"ಉಪ್ಪನೀರ ತಗೊಂಡು ಏನ ಮಾಡ್ತಿ?" ಎನ್ನುತ್ತಿದ್ದಳು ಕೆಂಚವ್ವ. "ನಮ್ಮ ನವಿಲುತೀರ್ಥ ಡ್ಯಾಮಿನ ನೀರಾಗ ಬ್ಯಾಳಿ ಬೇಯ್ತಾವ. ನಿಮ್ಮದ್ರಾಗ ಏನ ಬೇಯ್ತೈತಿ ಹೇಳು."

ಉಮಾಶ್ರೀ ನಗುತ್ತಿದ್ದಳು. ಕೆಂಚವ್ವ ಫೋನಿಟ್ಟು ಓಣಿಯವರಿಗೆ, ಕಡಲ ಗಾಳಿಗೆ ಮೈಬಣ್ಣ ಸುಡುತ್ತದೆ, ಕೂದಲು ಉದುರುತ್ತದೆ, ಮುಂಬೈ ಹತ್ತಿರ ಇದ್ದವರಿಗೆ ಮಂದಿ ನೆನಪಿರುವುದಿಲ್ಲ ಎಂದು ವರದಿ ಒಪ್ಪಿಸುತ್ತಿದ್ದಳು. ಸಮುದ್ರ ನೋಡದವಳು ಸಮುದ್ರದ ಬಗ್ಗೆ ಅಷ್ಟು ತಿಳಿದುಕೊಂಡಿದ್ದು ನೋಡಿ ಓಣಿ ಬೆರಗಾಯಿತು.

ಸಮುದ್ರದ ಮೇಲಿನ ಹೊಟ್ಟೆಕಿಚ್ಚನ್ನಾದರೂ ಅವಳು ಹೇಗೋ ಸಹಿಸುತ್ತಿದ್ದಳು. ಅದಕ್ಕೆ ಬಾಯಿಲ್ಲ, ಎದುರು ಮಾತಾಡುವುದಿಲ್ಲ. ಸಹಿಸಲಾಗದ್ದು ಜನಾಬಾಯಿ. ಪಕ್ಕದ ಮನೆಯ ಹೆಂಗಸು, ಅಲ್ಲಿ ಕೋಳಿ ಎಂದು ಕರೆಯುವ ಮೀನುಗಾರರ ಪೈಕಿ, ಗಂಡ ತೀರಿಕೊಂಡವಳು. ಹರಿದ ಬಲೆ ಹೆಣೆಯುತ್ತಾಳೆ, ಒಣಮೀನು ಮಾರುತ್ತಾಳೆ. ಸಂಕ್ರಾಂತಿಯ ಹೊತ್ತಿಗೆ ಉಮಾಶ್ರೀಯ ಮಾತಿನಲ್ಲಿ ಸಮುದ್ರ ಕಡಿಮೆಯಾಗಿ ಜನಾಬಾಯಿ ಹೆಚ್ಚಾದಳು. ಜನಾಬಾಯಿ ಪೇಟೆ ತೋರಿಸಿದಳು. ಜನಾಬಾಯಿ ಮರಾಠಿ ಕಲಿಸುತ್ತಾಳೆ. ಜನಾಬಾಯಿ ಹಾಡುತ್ತಾಳೆ. ಜ್ವರ ಬಂದಾಗ ಜನಾಬಾಯಿ ಗಂಜಿ ಕುಡಿಸಿದಳು.

"ಜ್ವರಾ ಬಂದಿತ್ತಾ? ನನಗ ಯಾಕ ಹೇಳಲಿಲ್ಲ?"

"ನೀ ಅಷ್ಟ ದೂರಿಂದ ಗಾಬರಿ ಆಗ್ತಿ ಅಂತ ಬಿಟ್ಟೆ, ಅಕ್ಕಾ. ಜನಾಬಾಯಿ ಇದ್ದಳಲ್ಲ."

ಆ ಮಾತು ಕೆಂಚವ್ವನಿಗೆ ಚೇಳು ಕುಟುಕಿದ ಹಾಗಾಯಿತು. ತನ್ನ ನೆಗೆಣ್ಣಿಗೆ ಜ್ವರ ಬಂದರೆ ಗಂಜಿ ಕುಡಿಸುವವಳು ಯಾವಳೋ. ಆ ಉರಿಯಲ್ಲಿ ಅವಳು ಒಂದು ಸುಳ್ಳು ಹೇಳಿದಳು.

"ಛಲೋ ಆತು. ನನಗೂ ಇಲ್ಲೇನ ಕಮ್ಮಿ ಆಗಿಲ್ಲ. ಮಾಲಾ ಬರ್ತಾಳ ದಿನಾ, ಯುವರಾಜನ ಹೇಣ್ತಿ. ನಿನ್ನ ಮೂಲ್ಯಾಗ ಕುಂದರ್ತಾಳ. ಏನ ಕೈ ಅಂತಿ ಆಕೀದು, ನಿನಕಿಂತ ಸಣ್ಣ ಟಾಕಿ ಹಾಕ್ತಾಳ."

ನಿಜ ಏನೆಂದರೆ ಅದೇ ಓಣಿಯ ಮಾಲಾ ಹೊಸ ಕೌದಿಯೊಂದಕ್ಕೆ ಒಂದೇ ಒಂದು ಮಧ್ಯಾಹ್ನ ಬಂದಿದ್ದಳು. ಹೊಲಿಗೆ ಮಷಿನ್ ಇಟ್ಟುಕೊಂಡಿರುವ ಆ ಹೆಂಗಸಿನ ಟಾಕಿ ನಿಜವಾಗಿಯೂ ಸಾಸಿವೆ ಕಾಳಿನಷ್ಟು ಸಣ್ಣದಿತ್ತು. ಅದನ್ನೇ ಕೆಂಚವ್ವನಿಗೆ ತಡೆಯಲಾಗಲಿಲ್ಲ. ಉಮಾಶ್ರೀಯ ಮೂಲೆಯಲ್ಲಿ ಉಮಾಶ್ರೀಗಿಂತ ಚೆನ್ನಾಗಿ ಹೊಲಿಯುವವಳು ಕೂತರೆ ಉಮಾಶ್ರೀಗೆ ಅನ್ಯಾಯವಾದಂತೆ ಎನ್ನಿಸಿ, ಚಹಾ ಕುಡಿಸಿ, ಸೊಂಟ ಹಿಡಿದಿದೆ ಎಂದು ಹೇಳಿ ಕಳಿಸಿಬಿಟ್ಟಿದ್ದಳು. ಅಂದಿನಿಂದ ಪಡಸಾಲೆಯಲ್ಲಿ ಕೌದಿ ಹಾಸಿರಲಿಲ್ಲ.

ಆ ಸುಳ್ಳಿಗೆ ಉಮಾಶ್ರೀ ಸಿಟ್ಟಾಗಲಿ, ಅಳಲಿ, "ನನ್ನ ಮೂಲ್ಯಾಗ ಯಾಕ ಕುಂದರಿಸಿದಿ" ಎಂದು ಜಗಳ ತೆಗೆಯಲಿ ಎಂದು ಕೆಂಚವ್ವ ಕಾದಳು. ಉಮಾಶ್ರೀ ಮಾತ್ರ, "ಛಲೋ ಆತ ಬಿಡಕ್ಕ. ನಿನಗೂ ಜೋಡಿ ಸಿಕ್ಕಂಗಾತು," ಎಂದಳು. ಆಮೇಲೆ ಫೋನು ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆ ಆಯಿತು.

ಹೋಳಿಹುಣ್ಣಿಮೆ ಕಳೆದ ಮೇಲೆ ಒಂದು ದಿನ ಉಮಾಶ್ರೀ ಸ್ಟೇಟಸ್ಸಿಗೆ ಫೋಟೋ ಹಾಕಿದಳು. ಅತ್ತೆಯ ಸೀರೆಗಳ ಕೌದಿ ನೆಲದ ಮೇಲೆ ಹಾಸಿದೆ. ಒಂದು ಮೂಲೆಯಲ್ಲಿ ಉಮಾಶ್ರೀ. ಎದುರು ಮೂಲೆಯಲ್ಲಿ, ಕೆಂಚವ್ವನ ಮೂಲೆಯಲ್ಲಿ, ಮೂಗಿಗೆ ದೊಡ್ಡ ನತ್ತಿಟ್ಟ ದಪ್ಪ ಹೆಂಗಸು ಸೂಜಿ ಹಿಡಿದು ಹಲ್ಲು ಕಿರಿಯುತ್ತಿದ್ದಾಳೆ.

ಕೆಂಚವ್ವ ಫೋಟೋವನ್ನು ಹಿಗ್ಗಿಸಿ ನೋಡಿದಳು, ಕುಗ್ಗಿಸಿ ನೋಡಿದಳು. ನಂತರ ಚಪ್ಪಲಿ ಮೆಟ್ಟಿ ನೇರ ಹಿಟ್ಟಿನ ಗಿರಣಿಗೆ ಹೋದಳು. ಗಿರಣಿ ಅವಳ ಗಂಡ ಕಲ್ಮೇಶನದು. ಕಿವಿ ತುಂಬ ಗಿರಣಿಯ ಸದ್ದು, ಮೈತುಂಬ ಹಿಟ್ಟು ಮೆತ್ತಿಕೊಂಡು ಸಂಸಾರದ ಗದ್ದಲದಿಂದ ಪಾರಾಗಿರುವ ಮನುಷ್ಯ.

"ಏನ್ರಿ, ನಾಳೆ ಅಲಿಬಾಗಕ್ಕ ಹೋಗೂದೈತಿ."

"ಗಿರಣಿ?"

"ಬೀಗಾ ಹಾಕ್ರಿ. ನಾಕ ದಿನ ಹಿಟ್ಟ ಇಲ್ಲಂದ್ರ ಊರೇನ ಸಾಯೂದಿಲ್ಲ."

ಇಷ್ಟು ವರ್ಷ ಸಂಸಾರ ಮಾಡಿದ ಕಲ್ಮೇಶನಿಗೆ ಯಾವಾಗ ಕಾರಣ ಕೇಳಬಾರದು ಎಂಬುದು ಗೊತ್ತಿತ್ತು. ಕೆಂಚವ್ವ ಖಡಕ್ ರೊಟ್ಟಿ ಬಡಿದಳು, ಶೇಂಗಾ ಹಿಂಡಿ ಕುಟ್ಟಿದಳು. ಚೀಲದ ತಳದಲ್ಲಿ, ರೊಟ್ಟಿಯ ಗಂಟಿನ ಕೆಳಗೆ, ಒಂದು ಸಣ್ಣ ಕತ್ತರಿ ಇಟ್ಟಳು. ಆ ಹೆಂಗಸು ಹಾಕಿದ ಪ್ರತಿಯೊಂದು ಟಾಕಿಯನ್ನೂ ಅವಳ ಕಣ್ಣೆದುರಿಗೇ ಬಿಚ್ಚಿ ಬರುವುದೆಂದು ತೀರ್ಮಾನವಾಗಿತ್ತು.

ಬೆಳಗಾವಿಗೆ ಬಂದು, ಅಲ್ಲಿಂದ ಬಸ್ಸು ಹಿಡಿದು, ಪನವೇಲದಲ್ಲಿ ಇಳಿದು ಮತ್ತೊಂದು ಬಸ್ಸೇರಿ ಅಲಿಬಾಗ ಮುಟ್ಟುವಷ್ಟರಲ್ಲಿ ಅವಳ ಸೊಂಟ ನಿಜವಾಗಿಯೂ ಹಿಡಿದಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಉಮಾಶ್ರೀ ಓಡಿಬಂದು ತೆಕ್ಕೆಬಿದ್ದಳು. ಅವಳ ಮೈಬಣ್ಣ ಕಂದಿತ್ತು. ಅದನ್ನು ನೋಡಿ ಕೆಂಚವ್ವನಿಗೆ, ತನ್ನ ಮಾತು ನಿಜವಾಯಿತಲ್ಲ ಎಂದು ಒಂದಿಷ್ಟು ಸಮಾಧಾನವಾಯಿತು. ಕೂದಲು ಮಾತ್ರ ಉದುರಿರಲಿಲ್ಲ.

"ಮೊದಲ ಸಮುದ್ರ ನೋಡೋಣು ಬಾ, ಅಕ್ಕಾ. ಈಗ ನೀರ ಇಳದಿರ್ತೈತಿ."

ನೋಡುವುದಿಲ್ಲ ಎಂದು ಕೆಂಚವ್ವ ಹಟ ತೊಟ್ಟೇ ಬಂದಿದ್ದಳು. ಆದರೆ ಓಣಿಯ ತಿರುವಿನಲ್ಲಿ ಅದು ಸುಮ್ಮನೆ ಎದುರಿಗೆ ಬಂದು ನಿಂತಾಗ ಕಣ್ಣು ಮುಚ್ಚಿಕೊಳ್ಳಲು ಆಗಲಿಲ್ಲ. ಆಚೆ ದಡವೇ ಇಲ್ಲ. ಹಿಂದೆ ಸರಿದ ನೀರಿನ ಒದ್ದೆ ನೆಲದ ಮೇಲೆ ಜನ ಕೋಟೆಯ ಕಡೆಯಿಂದ ನಡೆದು ಬರುತ್ತಿದ್ದರು. ಗಾರೆಯ ಬುಟ್ಟಿ ಹೊತ್ತ ಗೌರೀಶನೂ ಅವರಲ್ಲಿದ್ದ. ದೂರದಿಂದಲೇ, "ವೈನಿ ಬಂದ್ರೇನು," ಎಂದು ಕೂಗಿದ. ಕೆಂಚವ್ವ ನೀರಿನಿಂದ ಕಣ್ಣು ಕೀಳಲಿಲ್ಲ. ಇಷ್ಟು ದೊಡ್ಡದನ್ನು ಇವಳು ದಿನವೂ ನೋಡುತ್ತಾಳೆ. ನಾನು ಇಲ್ಲದೆಯೇ ನೋಡುತ್ತಾಳೆ. ಅವಳ ಎದೆಯಲ್ಲಿ ಹಾಯ್ದುಹೋದದ್ದು ಅದೊಂದೇ ಮಾತು, ಮತ್ತು ಅದರಷ್ಟು ಉರಿ ಅವಳಿಗೆ ಫ್ರಿಜ್ಜಿನಿಂದಾಗಲಿ ಫೋಟೋದಿಂದಾಗಲಿ ಹತ್ತಿರಲಿಲ್ಲ.

ಮೀನುಗಾರರ ಕೇರಿಯಾದ ಕೋಳಿವಾಡೆಯಲ್ಲಿ ಓಣಿಯ ಎರಡೂ ಕಡೆ ಬಿದಿರಿನ ಗಳಗಳ ಮೇಲೆ ಮೀನು ಒಣಗಲು ತೂಗುಹಾಕಿದ್ದರು. ಕೆಂಚವ್ವ ಮೂಗಿಗೆ ಸೆರಗು ಹಿಡಿದು ಉಮಾಶ್ರೀಯ ಮನೆ ಹೊಕ್ಕಳು. ನೀರು ಕುಡಿಯಲಿಲ್ಲ, ಕಾಲು ತೊಳೆಯಲಿಲ್ಲ. "ಕೌದಿ ತಗಿ," ಎಂದಳು.

ಉಮಾಶ್ರೀ ಮುಖ ಸಣ್ಣಗೆ ಮಾಡಿಕೊಂಡು ಟ್ರಂಕಿನಿಂದ ಕೌದಿ ತೆಗೆದು ಹಾಸಿದಳು. ಪೂರ್ತಿ ಮುಗಿದಿತ್ತು. ಅಂಚಿನಲ್ಲಿ ಬಾಯಿಯನ್ನೂ ಹೊಲಿದಿದ್ದರು. ಕೆಂಚವ್ವ ಬಗ್ಗಿ ಅದರ ಮೇಲೆ ಕೈಯಾಡಿಸಿದಳು, ಮತ್ತೆ ಬಗ್ಗಿದಳು, ಮೂಗು ಹತ್ತಿರ ಒಯ್ದಳು. ಓಣಿಯಲ್ಲಿ ಬಿಟ್ಟು ಬಂದೆ ಎಂದುಕೊಂಡಿದ್ದ ವಾಸನೆ ಕೌದಿಯಿಂದಲೇ ಬರುತ್ತಿತ್ತು. ಅವಳು ಕತ್ತರಿ ತೆಗೆದು ಬಾಯಿಯ ಹೊಲಿಗೆಯನ್ನು ಕಚಕಚನೆ ಕತ್ತರಿಸಿ, ಒಳಗೆ ಬೆರಳು ಹಾಕಿ ಎಳೆದಳು. ಕೈಗೆ ಬಂದದ್ದು ಒಂದು ಒಣಮೀನು.

ಮೊಟ್ಟೆಯ ಅಂಗಡಿಯ ಮುಂದೆ ಹಾದು ಬಂದರೆ ಸ್ನಾನ ಮಾಡುತ್ತಿದ್ದ ಅತ್ತೆ, ಕೊರಳಲ್ಲಿ ಲಿಂಗ ಕಟ್ಟಿದ ಅತ್ತೆ, ಅವಳ ಸೀರೆಯೊಳಗೆ ಮೀನು.

"ಇದೇನಿದು?" ಎಂದಳು ಕೆಂಚವ್ವ. ಧ್ವನಿ ಏರಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು.

"ನನ್ನಾಣಿ ನನಗ ಗೊತ್ತಿಲ್ಲ, ಅಕ್ಕಾ. ಬಾಯಿ ಹೊಲಿಯೂ ಮುಂದ ನಾ ಒಳಗ ರೊಟ್ಟಿ ತರಾಕ ಹೋಗಿದ್ದೆ. ಬರೂದ್ರಾಗ ಜನಾಬಾಯಿ ಹೊಲದ ಬಿಟ್ಟಿದ್ದಳು. ಕೌದಿಗಿ ಉಣಸೇನಿ ಅಂದಳು."

"ಆಕೀನ ಕುಂದರಿಸಿದವರು ಯಾರು? ಮೂರನೇ ಕೈ ಹಚ್ಚಬಾರದು ಅಂತ ನಿನಗ ತಿಳದಿರಲಿಲ್ಲಾ? ಬಾಯಿ ನಾ ಹೊಲಿಬೇಕು ಅಂತ ಹೇಳಿದಾಕಿ ನೀನಲ್ಲಾ?"

ಉಮಾಶ್ರೀ ಇಷ್ಟು ವರ್ಷಗಳಲ್ಲಿ ಕೆಂಚವ್ವನಿಗೆ ಎದುರಾಡಿದವಳಲ್ಲ. ಅಂದು ಎದುರಾಡಿದಳು. "ಮೂರನೇ ಕೈ ಮೊದಲ ಯಾರ ಹಚ್ಚಿದವರು? ನನ್ನ ಮೂಲ್ಯಾಗ ಮಾಲಾನ ಕುಂದರಿಸೇನಿ ಅಂದಿ. ನನಕಿಂತ ಚಂದ ಹೊಲಿತಾಳ ಅಂದಿ. ಅವತ್ತ ನಾ ಉಣಲಿಲ್ಲ. ನನ್ನ ಮೂಲಿ ಹೋದ ಮ್ಯಾಲೆ ನಿನ್ನ ಮೂಲಿ ಕಾದು ನಾ ಏನ ಮಾಡಲಿ?"

ಅಲ್ಲಿಯವರೆಗೆ ಬಾಗಿಲ ಬಳಿ ಕೂತು ಚಹಾ ಬರುತ್ತದೆಂದು ಕಾಯುತ್ತಿದ್ದ ಕಲ್ಮೇಶ ತಲೆಯೆತ್ತಿದ. "ಯಾವ ಮಾಲಾ?" ಎಂದ. "ಯುವರಾಜನ ಹೇಣ್ತೀನು? ಆಕಿ ಒಂದ ದಿನ ಬಂದಿದ್ದಳಪ್ಪ. ಇಕಿ ಚಾ ಕುಡಿಸಿ ಸಾಗಹಾಕಿದಳು. ಆಮ್ಯಾಲೆ ನಮ್ಮ ಮನ್ಯಾಗ ಕೌದಿ ಹಾಸೇ ಇಲ್ಲ. ಆ ಮೂಲ್ಯಾಗ ನಾ ಜ್ವಾಳದ ಚೀಲ ಇಡಾಕ ಹೋದ್ರ ಸೈತ ಬೈತಾಳ."

ಗಿರಣಿಯ ಸದ್ದಿಲ್ಲದ ಕಡೆ ಗಂಡನನ್ನು ಕರೆತರಬಾರದೆಂದು ಕೆಂಚವ್ವನಿಗೆ ಆಗ ತಿಳಿಯಿತು. ಅವಳು ಕೌದಿಯ ಕಡೆ ತಿರುಗಿಕೊಂಡಳು. ಉಮಾಶ್ರೀ ನೋಡಿದಳು, ನೋಡುತ್ತಲೇ ಕಣ್ಣು ತುಂಬಿಕೊಂಡಳು. "ಖರೇ ಏನ, ಅಕ್ಕಾ?" ಎಂದಳು.

"ಖರೇ ಅಂದ್ರ ಖರೇ. ನನಗ ಹೊಟ್ಟಿ ಉರೀತು, ಸುಳ್ಳ ಹೇಳಿದೆ. ಈಗ ಆ ಹೆಂಗಸು ಹಾಕಿದ ಟಾಕಿ ಎಲ್ಲಾ ಬಿಚ್ಚತೇನಿ. ಬಿಚ್ಚಿ ನಾ ಹೊಲಿತೇನಿ."

ಆದರೆ ಬಿಚ್ಚಲು ಕೂತರೆ ಬಿಚ್ಚಲಾಗಲಿಲ್ಲ. ಜನಾಬಾಯಿ ಬಲೆ ಹೆಣೆಯುವವಳು. ಪ್ರತಿ ಟಾಕಿಗೂ ಒಂದು ಗಂಟು ಹಾಕಿದ್ದಳು. ದಾರ ಎಳೆದರೆ ಬರುವುದಿಲ್ಲ, ಕತ್ತರಿ ಆಡಿಸಿದರೆ ಅತ್ತೆಯ ಸೀರೆ ಹರಿಯುತ್ತದೆ. ಒಂದು ಗಂಟು ಕೀಳಲು ಹೋಗಿ ಕೆಂಚವ್ವ ಬೆರಳಿಗೆ ಚುಚ್ಚಿಕೊಂಡಳು. ಕತ್ತರಿ ಕೆಳಗಿಟ್ಟು, ಆ ಗಂಟುಗಳ ಸಾಲಿನ ಮೇಲೆಯೇ ತಲೆಯಿಟ್ಟು ಅತ್ತಳು. ತನ್ನ ಮೂಲೆ ಇನ್ನು ತನ್ನದಾಗುವುದಿಲ್ಲ. ಅದನ್ನು ಕಳೆದದ್ದು ಅಲಿಬಾಗವೂ ಅಲ್ಲ, ಸಮುದ್ರವೂ ಅಲ್ಲ, ತನ್ನ ನಾಲಿಗೆ.

ಗದ್ದಲ ಕೇಳಿ ಜನಾಬಾಯಿ ಬಾಗಿಲಿಗೆ ಬಂದಳು. ಫೋಟೋದಲ್ಲಿದ್ದುದಕ್ಕಿಂತ ದಪ್ಪ, ಅದೇ ನತ್ತು. ಉಮಾಶ್ರೀ ಮೀನು ತೋರಿಸಿ ಏನೋ ಕೇಳಿದಳು. ಯಲ್ಲಮ್ಮನ ಗುಡ್ಡಕ್ಕೆ ಬರುವ ಮರಾಠಿ ಮಂದಿಯ ಜೊತೆ ಮಾತಾಡಿ ಕೆಂಚವ್ವನಿಗೆ ಆ ಭಾಷೆ ಅರ್ಥವಾಗುವಷ್ಟು, ಒಂದಿಷ್ಟು ಆಡುವಷ್ಟು ಬರುತ್ತಿತ್ತು. ಜನಾಬಾಯಿ ಕೈ ಜೋಡಿಸಿ ಹೇಳಿದಳು, "ಕೌದಿ ಹಸಿದಿರಬಾರದು ಎಂದಳು ನಿಮ್ಮ ತಂಗಿ. ನನ್ನ ಮನೆಯಲ್ಲಿದ್ದ ಒಳ್ಳೆಯದನ್ನು ಇಟ್ಟೆ. ತಪ್ಪಾಯಿತೇ?"

ಹಾಗೆ ಹೇಳಿದವಳಿಗೆ ಬೈಯುವುದು ಹೇಗೆ? ಕೆಂಚವ್ವ ಮೂಗು ಒರೆಸಿಕೊಂಡು ಮುಖ ತಿರುಗಿಸಿದಳು.

ಮರುದಿನ ಕೌದಿಯನ್ನು ನೀರಿಗೆ ಹಾಕಿ ಒಗೆದರು, ಹಿಂಡಿದರು, ಒಣಹಾಕಿದರು. ಒಣಹಾಕಲು ಇದ್ದದ್ದು ಅದೇ ಓಣಿ, ಅದೇ ಬಿದಿರಿನ ಗಳ. ಅತ್ತೆ ಮೀನಿನ ಸಾಲಿನಲ್ಲಿಯೇ ಒಣಗಿದಳು. ಹೊರಡುವ ಹಿಂದಿನ ಮಧ್ಯಾಹ್ನ ಉಮಾಶ್ರೀ ಸೂಜಿಗೆ ದಾರ ಪೋಣಿಸಿ, ರೊಟ್ಟಿಯ ಚೂರು, ಬೆಲ್ಲ ತಂದು ಕೆಂಚವ್ವನ ಮುಂದಿಟ್ಟಳು. "ಬಾಯಿ ಆದ್ರೂ ನೀ ಹೊಲಿ, ಅಕ್ಕಾ."

ಕೆಂಚವ್ವ ಸೂಜಿ ಹಿಡಿದಳು. ಹಿಡಿದು ಬಹಳ ಹೊತ್ತು ಕೂತಳು. ಹೊಲಿದರೆ ಮುಗಿಯಿತು. ಮುಗಿದರೆ ಮತ್ತೆ ಯಾವ ನೆಪಕ್ಕೆ ಯಾರು ಯಾರ ಮನೆಗೆ ಬರಬೇಕು? ಅವಳು ಸೂಜಿಯನ್ನು ಉಮಾಶ್ರೀಯ ಕೈಗೆ ಮರಳಿ ಕೊಟ್ಟಳು.

"ಹೊಲಿಯೂದಿಲ್ಲ. ಹಸದ ಇರ್ಲಿ. ಪಂಚಮಿಗಿ ಇದನ್ನ ಹೊತಗೊಂಡು ಊರಿಗೆ ಬಾ. ಅಲ್ಲೆ ಉಣಸೋಣು." ಒಂದು ಕ್ಷಣ ತಡೆದು, ಅಂದು ನಾಲಿಗೆಯ ತುದಿಯಲ್ಲೇ ಉಳಿದಿದ್ದ ಮಾತನ್ನೂ ಹೇಳಿಬಿಟ್ಟಳು. "ನೀ ಹೋಗೂದು ನನಗ ಬ್ಯಾಡಾಗಿತ್ತು. ಅವತ್ತ ಹೇಳಲಿಲ್ಲ. ಈಗ ಹೇಳಾಕತ್ತೇನಿ."

"ಕೆಲಸ ಇನ್ನೂ ಭಾಳ ವರ್ಷ ಐತಿ, ಅಕ್ಕಾ," ಎಂದಳು ಉಮಾಶ್ರೀ ಮೆಲ್ಲಗೆ. "ಪಂಚಮಿಗಿ ತಪ್ಪಸೂದಿಲ್ಲ."

ಅಷ್ಟಕ್ಕೆ ಕೆಂಚವ್ವ ತೃಪ್ತಳಾಗಬೇಕಿತ್ತು. ಆಗಲಿಲ್ಲ. ವರ್ಷಕ್ಕೊಂದು ಪಂಚಮಿ ತನಗೆ, ಉಳಿದ ದಿನವೆಲ್ಲ ಜನಾಬಾಯಿಗೆ.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಕಲ್ಮೇಶ ಮೊದಲೇ ಹತ್ತಿ ಸೀಟು ಹಿಡಿದ. ಉಮಾಶ್ರೀ ನೀರಿನ ಬಾಟಲಿ ತರಲು ಅಂಗಡಿಗೆ ಹೋದಳು. ಕೆಂಚವ್ವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಅಷ್ಟರಲ್ಲಿ ಜನಾಬಾಯಿ ಮೀನಿನ ಬುಟ್ಟಿಯನ್ನು ಅಷ್ಟು ದೂರ ಇಟ್ಟು, ಕೈ ಸೀರೆಗೆ ಒರೆಸಿಕೊಳ್ಳುತ್ತ ಹತ್ತಿರ ಬಂದಳು. ಉಮಾಶ್ರೀ ಹೋದ ದಿಕ್ಕಿಗೆ ಒಮ್ಮೆ ನೋಡಿ ಧ್ವನಿ ತಗ್ಗಿಸಿದಳು.

"ಅಕ್ಕಾ, ನಿಮಗೊಂದು ಮಾತು ಹೇಳಬೇಕು. ಉಮಾಗೆ ಹೇಳಬೇಡಿ. ನೀವು ಮೀನು ಮುಟ್ಟದವರು ಎಂದು ನನಗೆ ಗೊತ್ತಿತ್ತು. ಅವಳು ಬಂದ ದಿನವೇ ಹೇಳಿದ್ದಳು. ಗೊತ್ತಿದ್ದೇ ಇಟ್ಟೆ."

ಕೆಂಚವ್ವ ಕಣ್ಣು ಬಿಟ್ಟು ನೋಡಿದಳು. "ಯಾಕ?"

"ದಿನಾ ಅಕ್ಕ, ಅಕ್ಕ. ಸೂಜಿ ಹಿಡಿದರೆ ಅಕ್ಕ ಹೀಗೆ ಹಿಡಿಯುತ್ತಾಳೆ. ಬೇಳೆ ಇಟ್ಟರೆ ಅಕ್ಕನ ಊರಿನ ನೀರಲ್ಲಿ ಬೇಗ ಬೇಯುತ್ತದೆ. ಜ್ವರ ಬಂದಾಗ ಬಲೆ ಬಿಟ್ಟು ಕೂತು ಗಂಜಿ ಕುಡಿಸಿದೆ. ಕುಡಿದು ಕಣ್ಣು ಮುಚ್ಚಿ, ಅಕ್ಕ ಮಾಡಿದ ಹಾಗೇ ಇದೆ ಎಂದಳು. ಹೊಟ್ಟೆ ಉರಿಯಿತು. ನಾನು ನಿಮ್ಮ ಮುಖ ನೋಡಿರಲಿಲ್ಲ, ಆದರೆ ನಿಮ್ಮನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ. ನಿಮ್ಮ ಕೌದಿಯಲ್ಲಿ ಮೀನಿಟ್ಟು ಹೊಲಿದ ದಿನ ನನಗೆ ಒಳ್ಳೆಯ ನಿದ್ದೆ ಬಂತು."

ಕಂಡಕ್ಟರು ಸೀಟಿ ಊದಿದ. ಒಳಗಿನಿಂದ ಕಲ್ಮೇಶ, "ಹತ್ತ ಬೇ, ಬಸ್ಸ ಬಿಡಾಕತ್ತೈತಿ," ಎಂದು ಕರೆದ. ಕೆಂಚವ್ವನಿಗೆ ಕೇಳಲಿಲ್ಲ. ದೀಪಾವಳಿಯಿಂದ ಎದೆಯಲ್ಲಿ ಕೂತಿದ್ದ ಕೆಂಡದ ಮೇಲೆ ಯಾರೋ ಕೊಡ ನೀರು ಸುರಿದಂತೆ ಅವಳಿಗೆ ತಂಪಾಗುತ್ತಿತ್ತು. ಅವಳು ಮೆಟ್ಟಿಲ ಮೇಲಿನ ಕಾಲನ್ನು ಕೆಳಗಿಳಿಸಿದಳು. ಜನಾಬಾಯಿಯ ಕೈ ಹಿಡಿದು, ಮೀನಿನ ವಾಸನೆ ಮೂಗಿಗೆ ಬಡಿದರೂ ಸೆರಗು ಹಿಡಿಯದೆ, ಪಕ್ಕದ ಕಲ್ಲುಬೆಂಚಿನ ಮೇಲೆ ಅವಳನ್ನು ಕೂರಿಸಿ ತಾನೂ ಕೂತಳು.

"ಬಸ್ಸ ಹೋಗಲಿ, ಇನ್ನೊಂದ ಬರ್ತೈತಿ," ಎಂದಳು. "ನನ್ನ ಬಗ್ಗೆ ಆಕಿ ಮತ್ತೇನೇನ ಅಂತಾಳ? ಒಂದೂ ಬಿಡದಂಗ ಎಲ್ಲಾ ಹೇಳು."